ಹತ್ತು ನಿಮಿಷ ಲೇಟಾದ್ರೆ ಮೆಮೊ, ಮೂರು ವರ್ಷ ಲೇಟಾದ್ರೆ?

2025ರ ಆಗಸ್ಟ್ 5ಕ್ಕೆ ಕರ್ನಾಟಕದ ಸರ್ಕಾರಿ ಬಸ್ ನೌಕರರ ಮುಷ್ಕರ ಆಯ್ತಲ್ಲ, ಅವತ್ತಿಂದ ಬರೀಬೇಕು ಬರೀಬೇಕು ಅಂತ ಅನ್ನಿಸ್ತಾನೇ ಇತ್ತು. ಆಫೀಸ್ ವಾಟ್ಸಾಪ್ ಗ್ರೂಪಲ್ಲಿ ಬೆಳಗ್ಗೆ ಏಳಕ್ಕೇ ಶುರುವಾಗಿತ್ತು, ಇವರಿಗೆ ಎಷ್ಟು ಕೊಟ್ರೂ ಸಾಲಲ್ಲ, ಎಲ್ಲರನ್ನೂ ಮನೆಗೆ ಕಳಿಸಿ ಪ್ರೈವೇಟಿಗೆ ಕೊಟ್ಬಿಡ್ಬೇಕು, ಸುಮ್ನೆ ಕೂತು ಸಂಬಳ ತಗೊಳ್ಳೋರು ಅಂತೆಲ್ಲಾ. ಓದ್ತಾ ಓದ್ತಾ ಹೊಟ್ಟೆ ಉರೀತು. ಅಲ್ಲಿ ಜಗಳ ಆಡೋಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಾನು ಕಂಡಕ್ಟರ್ ಮಗಳು, ಅದನ್ನ ಮೊದಲೇ ಹೇಳ್ಬಿಡ್ತೀನಿ. ಅಪ್ಪ 1989ರಲ್ಲಿ ಕೆಲಸಕ್ಕೆ ಸೇರಿ 2021ರ ಮೇ ಕೊನೆಗೆ ರಿಟೈರ್ ಆದ್ರು. ಚಿಕ್ಕಪ್ಪನ ಮಗ, ನನಗೆ ತಮ್ಮ, ಈಗ ಡ್ರೈವರ್ ಕಮ್ ಕಂಡಕ್ಟರ್. ಅಂದ್ರೆ ಈ ವಿಷಯ ನಾನು ಪೇಪರಲ್ಲಿ ಓದಿ ತಿಳ್ಕೊಂಡಿದ್ದಲ್ಲ, ನಮ್ಮನೆ ಅಡುಗೆಮನೆ ಮಾತು ಇದು.

ಬಸ್ಸಿಗೆ ಫಾರಂ-4 ಅಂತ ಒಂದಿರುತ್ತೆ. ಎಷ್ಟೊತ್ತಿಗೆ ಬಿಡಬೇಕು, ಎಷ್ಟೊತ್ತಿಗೆ ಸೇರಬೇಕು, ಎಷ್ಟು ಟ್ರಿಪ್ಪು, ಎಷ್ಟು ಕಿಲೋಮೀಟರ್ ಎಲ್ಲಾ ಅದರಲ್ಲಿ ಬರೆದಿರುತ್ತೆ. ರಸ್ತೆ ಅಗೆದಿದ್ರೂ, ಸಂತೆ ದಿನ ಆದ್ರೂ, ಮಳೆ ಸುರೀತಿದ್ರೂ ಲೆಕ್ಕ ಅದೇ. ಅಪ್ಪನಿಗೆ ಒಂದ್ಸಲ ಹತ್ತು ನಿಮಿಷ ತಡ ಆಗಿದ್ದಕ್ಕೆ ಮೆಮೊ ಬಂದಿತ್ತು. ಒಬ್ಬ ಅಜ್ಜಿ ಬಸ್ಸಲ್ಲಿ ತಲೆ ಸುತ್ತಿ ಬಿದ್ದಿದ್ರು, ಇಳಿಸಿ ನೀರು ಕುಡಿಸಿ ಯಾರದ್ದೋ ಮನೆ ಜಗಲಿ ಮೇಲೆ ಕೂರಿಸಿ ಬರೋ ಹೊತ್ತಿಗೆ ತಡ ಆಗಿತ್ತು ಅಷ್ಟೆ. ಅದಕ್ಕೆ ಲಿಖಿತ ಉತ್ತರ ಕೊಡಬೇಕಿತ್ತು, ಅಪ್ಪ ರಾತ್ರಿ ಕೂತು ನನ್ನ ನೋಟ್‌ಬುಕ್ಕಿಂದ ಹಾಳೆ ಹರಿದು ಬರೆದಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ, ನಾನಾಗ ಏಳನೇ ಕ್ಲಾಸು.

ನೈಟ್ ಹಾಲ್ಟ್ ಡ್ಯೂಟಿ ಅಂತೂ ಕೇಳ್ಬೇಡಿ. ಕೊನೇ ಊರಿಗೆ ರಾತ್ರಿ ಒಂಬತ್ತೂವರೆಗೆ ಹೋಗಿ ದೇವಸ್ಥಾನದ ಮುಂದೆ ಬಸ್ ನಿಲ್ಲಿಸಿ, ಹಿಂದಿನ ಸೀಟಲ್ಲಿ ಕೂತು ಟಿಫನ್ ಬಾಕ್ಸ್ ಮುಚ್ಚಳದಲ್ಲಿ ಚಿಲ್ಲರೆ ಸುರ್ಕೊಂಡು ವೇಬಿಲ್ಲಿಗೆ, ಅಂದ್ರೆ ಟಿಕೆಟ್ ಲೆಕ್ಕದ ಹಾಳೆಗೆ, ತಾಳೆ ನೋಡೋದು. ಐದು ರೂಪಾಯಿ ಕಮ್ಮಿ ಬಂದ್ರೂ ಸ್ವಂತ ಜೇಬಿಂದ. ಆಮೇಲೆ ಆ ದುಡ್ಡಿನ ಬ್ಯಾಗನ್ನೇ ತಲೆದಿಂಬು ಮಾಡ್ಕೊಂಡು ಮೂರು ಜನರ ಸೀಟ್ ಮೇಲೆ ಕಾಲು ಮಡಚಿ ಮಲಗೋದು, ಯಾಕಂದ್ರೆ ಬ್ಯಾಗು ಹೋದ್ರೆ ಅದೂ ಇವರದ್ದೇ ತಲೆ ಮೇಲೆ. ಬೆಳಗ್ಗೆ ಐದೂವರೆಗೆ ಹಾಲಿನ ಕ್ಯಾನು, ತರಕಾರಿ ಮೂಟೆ, ಕಾಲೇಜು ಹುಡುಗರು. ನಿಮ್ಮಲ್ಲಿ ಎಷ್ಟೋ ಜನ ಆ ಬಸ್ಸಲ್ಲೇ ಕಾಲೇಜಿಗೆ ಹೋದೋರು ಅಂತ ನನಗೆ ಗೊತ್ತು.

ಈಗ ಮುಷ್ಕರದ ವಿಷಯಕ್ಕೆ ಬರ್ತೀನಿ. ಜನ ತಿಳ್ಕೊಂಡಿರೋದು ಇವರು ಸಂಬಳ ಜಾಸ್ತಿ ಕೇಳ್ತಿದಾರೆ ಅಂತ. ಅಸಲಿಗೆ ಜಗಳ ಇದ್ದಿದ್ದು ತಾರೀಕಿಂದು. ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸಂಬಳ ಪರಿಷ್ಕರಣೆ ಆಗಬೇಕು, ಮೊದಲಿಂದ ನಡ್ಕೊಂಡು ಬಂದಿರೋದು. 2016ರ ಜನವರಿಗೆ ಆಗಬೇಕಿತ್ತು, ಆಗ್ಲಿಲ್ಲ, ಆ ವರ್ಷ ಜುಲೈ 25ರಿಂದ ಮೂರು ದಿನ ರಾಜ್ಯ ಪೂರ್ತಿ ಬಸ್ ನಿಂತ ಮೇಲೆ 12.5 ಪರ್ಸೆಂಟ್ ಆಯ್ತು. ಮುಂದಿಂದು 2020ರ ಜನವರಿ 1ಕ್ಕೆ. ಆಗ್ಲಿಲ್ಲ. ಕೋವಿಡ್ ಬಂತು. 2020ರ ಡಿಸೆಂಬರಲ್ಲಿ ನಾಲ್ಕು ದಿನ, 2021ರ ಏಪ್ರಿಲ್ 7ರಿಂದ ಹದಿನೈದು ದಿನ ಮುಷ್ಕರ. ಕೊನೆಗೆ 15 ಪರ್ಸೆಂಟ್ ಅಂತ ಆರ್ಡರ್ ಆಗಿದ್ದು 2023ರ ಮಾರ್ಚಲ್ಲಿ, ಎಲೆಕ್ಷನ್ ಹತ್ರ ಬಂದಾಗ, ಅದೂ 2023ರ ಮಾರ್ಚ್ 1ರಿಂದ ಜಾರಿ ಅಂತ. ಮಧ್ಯದ 38 ತಿಂಗಳು?

ಆ 38 ತಿಂಗಳ ಹಿಂಬಾಕಿನೇ ಈ ಮುಷ್ಕರದಲ್ಲಿ ಕೇಳಿದ್ದು, ಎಲ್ಲಾ ನಿಗಮ ಸೇರಿ ಸುಮಾರು 1,785 ಕೋಟಿ. ಜೊತೆಗೆ 2024ರ ಜನವರಿಗೆ ಆಗಬೇಕಿದ್ದ ಪರಿಷ್ಕರಣೆ. ಸರ್ಕಾರ ಆಗ ಹೇಳಿದ್ದು 14 ತಿಂಗಳದ್ದು 718 ಕೋಟಿ ಕೊಡ್ತೀವಿ, 2023ರಲ್ಲಿ ಜಾಸ್ತಿ ಮಾಡಿದೀವಲ್ಲ ಮುಂದಿಂದು ಅಲ್ಲಿಂದ ನಾಲ್ಕು ವರ್ಷಕ್ಕೆ ಅಂತ. ಅಂದ್ರೆ ತಡ ಮಾಡಿದ್ದು ಒಬ್ಬರು, ಆ ತಡವನ್ನೇ ಹೊಸ ತಾರೀಕು ಅಂತ ಒಪ್ಕೋಬೇಕಾದೋರು ಇನ್ನೊಬ್ಬರು. ಪಾರ್ಟಿ ಯಾವುದಾದ್ರೂ ಇರ್ಲಿ, ತಡ ಮಾಡಿದ್ದು ಬಿಜೆಪಿ ಇದ್ದಾಗ, ಬಾಕಿ ಉಳಿಸ್ಕೊಂಡಿದ್ದು ಕಾಂಗ್ರೆಸ್ ಇದ್ದಾಗ, ನಮ್ಮ ತಮ್ಮನಿಗೆ ಎರಡೂ ಒಂದೇ.

ಲೆಕ್ಕ ಬಿಡಿಸಿ ಹೇಳ್ತೀನಿ ನೋಡಿ. ಒಬ್ಬರ ಮೂಲ ವೇತನ 20,000 ಅಂತ ಇಟ್ಕೊಳ್ಳಿ. 15 ಪರ್ಸೆಂಟ್ ಅಂದ್ರೆ ತಿಂಗಳಿಗೆ 3,000. 38 ತಿಂಗಳಿಗೆ 1,14,000. ಹದಿನಾಲ್ಕೇ ತಿಂಗಳು ಅಂದ್ರೆ 42,000. ಮಿಕ್ಕ 72,000 ದುಡಿದಾಗಿದೆ, ಬಸ್ ಓಡಿಸಿ ಆಗಿದೆ, ಆ ಟಿಕೆಟ್ ದುಡ್ಡು ಡಿಪೋ ಕೌಂಟರಿಗೆ ಕಟ್ಟಿನೂ ಆಗಿದೆ. ತಮ್ಮ ಮನೆ ಕಟ್ಟೋಕೆ ಸೊಸೈಟಿಲಿ ಸಾಲ ಮಾಡಿದಾನೆ, ಒಂದು ತಿಂಗಳು ಕಂತು ತಪ್ಪಿದ್ರೆ ಬಡ್ಡಿ ಹಾಕ್ತಾರೆ, ನನಗೆ 2020ರದ್ದು ಬರಬೇಕು ಸ್ವಾಮಿ ಅಂದ್ರೆ ಅಲ್ಲಿ ಯಾರಾದ್ರೂ ಕೇಳ್ತಾರಾ?

ನಿಗಮ ಲಾಸಲ್ಲಿದೆ ಅಂತಾರೆ. ಇರಬಹುದು, ಇದೆ ಕೂಡ. ಆದ್ರೆ ಯಾಕಿದೆ ಅಂತ ನೋಡಿ. ಎಂಟು ಜನ ಹತ್ತೋ ಊರಿಗೂ ಬಸ್ ಕಳಿಸ್ಬೇಕು, ಕಳಿಸ್ಲೇಬೇಕು, ಅದೇ ಸರ್ಕಾರಿ ಬಸ್ ಅಂದ್ರೆ. ಸ್ಟೂಡೆಂಟ್ ಪಾಸು, ಅಂಗವಿಕಲರ ಪಾಸು, ಈಗ ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ. ನಾನು ಶಕ್ತಿ ಯೋಜನೆ ಪರ, ಅಮ್ಮ ಆ ಯೋಜನೆ ಬಂದ ಮೇಲೇನೇ ಒಬ್ಬರೇ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದು, ಜೀವನದಲ್ಲಿ ಮೊದಲ್ನೇ ಸಲ. 2025ರ ಜುಲೈಲಿ 500 ಕೋಟಿ ಟಿಕೆಟ್ ಆಯ್ತು ಅಂತ ಹಬ್ಬ ಮಾಡಿದ್ರು, ಮಾಡ್ಲಿ, ಖುಷಿ ವಿಷಯನೇ. ಆದ್ರೆ ಆ 500 ಕೋಟಿ ಟಿಕೆಟ್ಟಲ್ಲಿ ಒಂದೊಂದನ್ನೂ ಒಬ್ಬ ಕಂಡಕ್ಟರ್ ಕೈಯಾರೆ ಹರಿದು ಕೊಟ್ಟಿರೋದು. ತುಂಬಿದ ಬಸ್ಸಲ್ಲಿ ಒಂದು ಕೈಲಿ ಮಷೀನ್ ಹಿಡ್ಕೊಂಡು, ಒಬ್ಬೊಬ್ಬರ ಆಧಾರ್ ನೋಡಿ, ಶೂನ್ಯ ಟಿಕೆಟ್ ಹರಿದು ಕೊಡಬೇಕು, ಒಂದು ಬಿಟ್ಟೋಗಿ ಚೆಕಿಂಗ್ ಬಂದ್ರೆ ಇವನ ಮೇಲೆ ಕೇಸು. ಜನರಿಗೆ ಉಚಿತ ಕೊಡೋದು ಸರ್ಕಾರದ ತೀರ್ಮಾನ, ಒಳ್ಳೇ ತೀರ್ಮಾನ, ಅದರ ಖರ್ಚು ಸರ್ಕಾರ ಟೈಮಿಗೆ ಸರಿಯಾಗಿ ನಿಗಮಕ್ಕೆ ಕಟ್ಟಬೇಕು. 2025ರ ಜನವರಿಲಿ ಟಿಕೆಟ್ ದರ 15 ಪರ್ಸೆಂಟ್ ಏರಿಸಿದ್ರು, ಅದರ ಜೊತೆಗೇ ಪಿಎಫ್ ಬಾಕಿ, ಡೀಸೆಲ್ ಬಾಕಿ ತೀರಿಸೋಕೆ 2,000 ಕೋಟಿ ಸಾಲಕ್ಕೆ ಸರ್ಕಾರನೇ ಗ್ಯಾರಂಟಿ ನಿಲ್ಲಬೇಕಾಯ್ತು. ಪಿಎಫ್ ಬಾಕಿ ಅನ್ನೋದನ್ನ ಇನ್ನೊಂದ್ಸಲ ಓದಿ. ನೌಕರರ ಮುಪ್ಪಿನ ದುಡ್ಡು ಅದು.

ಮುಪ್ಪು ಅಂದ ಕೂಡ್ಲೆ ಪೆನ್ಷನ್. ಸುಮಾರು ಜನರಿಗೆ ಇದು ಗೊತ್ತೇ ಇಲ್ಲ, ನಿಮ್ಮಪ್ಪನಿಗೇನು ಬಿಡಿ ಗವರ್ಮೆಂಟ್ ಪೆನ್ಷನ್ ಬರುತ್ತೆ ಅಂತ ನನಗೇ ಎಷ್ಟೋ ಜನ ಹೇಳಿದಾರೆ. ಬರಲ್ಲ. ಖಾಕಿ ಹಾಕಿದ್ರೂ, ಬಸ್ ಮೇಲೆ ಸರ್ಕಾರದ ಹೆಸರಿದ್ರೂ ಇವರು ನಿಗಮದ ನೌಕರರು, ಸರ್ಕಾರಿ ನೌಕರರಲ್ಲ. ಇವರಿಗಿರೋದು ಇಪಿಎಸ್-95, ಅಂದ್ರೆ ಫ್ಯಾಕ್ಟರಿ, ಗಾರ್ಮೆಂಟ್ಸಲ್ಲಿ ಕೆಲಸ ಮಾಡೋರಿಗೆ ಇರುತ್ತಲ್ಲ ಅದೇ ಪಿಎಫ್ ಪೆನ್ಷನ್. ಅದರ ಲೆಕ್ಕ ಹಿಂಗೆ, ಪೆನ್ಷನ್ನಿಗೆ ಹಿಡಿಯೋ ಸಂಬಳ ಇಂಟು ಸರ್ವಿಸ್ ವರ್ಷ, ಡಿವೈಡೆಡ್ ಬೈ 70. ನಿಮ್ಮ ನಿಜವಾದ ಸಂಬಳ ಎಷ್ಟೇ ಇರ್ಲಿ, ಹಿಡಿಯೋ ಸಂಬಳಕ್ಕೆ 15,000 ಮಿತಿ. 35 ವರ್ಷ ಪೂರ್ತಿ ಆ 15,000ದ ಮೇಲೇ ಲೆಕ್ಕ ಹಾಕಿದ್ರೂ ಬರೋದು 7,500. ಆದ್ರೆ ಅಷ್ಟೂ ಬರಲ್ಲ, ಯಾಕಂದ್ರೆ 2014ರ ಸೆಪ್ಟೆಂಬರಿಗೆ ಮುಂಚಿನ ಸರ್ವಿಸಿಗೆ ಮಿತಿ 6,500, ಸ್ಕೀಮ್ ಶುರುವಾಗಿದ್ದೇ 1995ರ ನವೆಂಬರಲ್ಲಿ, ಮೇಲಾಗಿ 58 ತುಂಬಿದ ಮೇಲಿನ ಎರಡು ವರ್ಷದ ದುಡಿಮೆ ಲೆಕ್ಕಕ್ಕೇ ಇಲ್ಲ. ಹಿಂಗೆ ಕತ್ತರಿಸಿ ಕತ್ತರಿಸಿ 32 ವರ್ಷ ದುಡಿದ ನಮ್ಮಪ್ಪನಿಗೆ ಬರೋದು ತಿಂಗಳಿಗೆ ಮೂರೂವರೆ ಸಾವಿರದ ಆಸುಪಾಸು. ಇದಕ್ಕೆ ಡಿಎ (ತುಟ್ಟಿಭತ್ಯೆ) ಇಲ್ಲ, ಬೆಲೆ ಏರಿದಂಗೆ ಏರಲ್ಲ, ಮೊದಲ ತಿಂಗಳು ಎಷ್ಟು ಬಂತೋ ಈಗ್ಲೂ ಅಷ್ಟೇ. ಅಮ್ಮನ ಶುಗರ್, ಬಿಪಿ ಮಾತ್ರೆಗೇ ಅರ್ಧ ಹೋಗುತ್ತೆ. ಇನ್ನೂ ಕಮ್ಮಿ ಸರ್ವಿಸ್ ಇರೋರದ್ದು ಕೇಳ್ಬೇಡಿ, ಸಾವಿರ ರೂಪಾಯಿ ಕನಿಷ್ಠ ಪೆನ್ಷನ್ ಅಂತ 2014ರಲ್ಲಿ ಮಾಡಿದ್ದು ಇವತ್ತಿಗೂ ಸಾವಿರಾನೇ. ಇಲ್ಲೂ ತಾರೀಕೇ ನೋಡಿ, 2014ಕ್ಕೇ ನಿಂತ್ಬಿಟ್ಟಿದೆ.

ವರ್ಷಕ್ಕೊಮ್ಮೆ ಬದುಕಿದೀನಿ ಅಂತ ಹೆಬ್ಬೆಟ್ಟು ಒತ್ತಿ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಹೋದ ಸಲ ನಾನೇ ಕರ್ಕೊಂಡು ಹೋಗಿದ್ದೆ. ಅಪ್ಪನ ಬೆರಳನ್ನ ಮಷೀನ್ ತಗೊಳ್ಳಲ್ಲ. ಆ ಹುಡುಗ ಒದ್ದೆ ಬಟ್ಟೇಲಿ ಒರೆಸ್ದ, ಎಣ್ಣೆ ಹಚ್ಚಿ ನೋಡ್ದ, ಬೇರೆ ಬೇರೆ ಬೆರಳು ಇಡಿಸ್ದ. ಅಪ್ಪ ಕೈ ತಿರುಗಿಸಿ ನೋಡ್ಕೊಂಡು "ನಾಣ್ಯ ಎಣಿಸಿ ಎಣಿಸಿ ಗೆರೆನೇ ಹೋಗಿದೆ ಕಣಪ್ಪ" ಅಂದ್ರು. ಆರನೇ ಬೆರಳಿಗೋ ಏಳನೇ ಬೆರಳಿಗೋ ಹಸಿರು ಲೈಟ್ ಬಂತು. ನನಗೆ ಅಲ್ಲೇ ಕಣ್ಣು ತುಂಬಿ ಬಂತು, ಹೊರಗೆ ಬಂದು ನಿಂತ್ಕೊಂಡೆ.

ಅದಕ್ಕೇ ನಮ್ಮನ್ನ ಸರ್ಕಾರಿ ನೌಕರರು ಅಂತ ಮಾಡಿ ಅನ್ನೋ ಬೇಡಿಕೆ 2020ರಿಂದ ಅಷ್ಟು ಜೋರಾಗಿದ್ದು. ಆಗದೇ ಇರೋ ಮಾತೇನಲ್ಲ ಅದು, ಪಕ್ಕದ ಆಂಧ್ರದಲ್ಲಿ 2020ರ ಜನವರಿ 1ಕ್ಕೆ ಆರ್‌ಟಿಸಿ ನೌಕರರನ್ನ ಸರ್ಕಾರಕ್ಕೆ ಸೇರಿಸ್ಕೊಂಡ್ರು. ತೆಲಂಗಾಣದಲ್ಲಿ 2019ರಲ್ಲಿ ಐವತ್ತು ದಿನಕ್ಕೂ ಮೇಲೆ ಮುಷ್ಕರ ಮಾಡಿ ಏನೂ ಸಿಗದೆ ವಾಪಸ್ ಹೋದ್ರು, ಅಲ್ಲೂ 2023ರಲ್ಲಿ ಸರ್ಕಾರಕ್ಕೆ ಸೇರಿಸೋ ಮಸೂದೆ ಪಾಸ್ ಮಾಡಿದ್ರು. ನಮ್ಮಲ್ಲಿ ಲಕ್ಷಕ್ಕೂ ಮೇಲೆ ನೌಕರರಿದಾರೆ, ಖರ್ಚು ದೊಡ್ಡದೇ, ಒಪ್ತೀನಿ. ಪೂರ್ತಿ ಸೇರಿಸ್ಕೊಳ್ಳೋಕೆ ಆಗಲ್ಲ ಅಂದ್ರೆ ಪೆನ್ಷನ್ನಿಗಾದ್ರೂ ಒಂದು ದಾರಿ ಮಾಡಬಹುದಲ್ವಾ, ಅಷ್ಟೂ ಮಾತು ಯಾವ ಮೀಟಿಂಗಲ್ಲೂ ಬರಲ್ಲ.

2021ರ ಏಪ್ರಿಲ್ ನೆನೆಸ್ಕೊಂಡ್ರೆ ಈಗ್ಲೂ ಎದೆ ಭಾರ ಆಗುತ್ತೆ. ಅಪ್ಪ ರಿಟೈರ್ ಆಗೋಕೆ ಎರಡೇ ತಿಂಗಳು ಇತ್ತು. ಮೊದಲ ನಾಲ್ಕು ದಿನ ಎಲ್ಲರ ಜೊತೆ ಹೊರಗೇ ಇದ್ರು. ಮಾರ್ಚ್ ಸಂಬಳ ತಡೆ ಹಿಡಿದ್ರು, ಯುಗಾದಿ ಹತ್ರ ಬರ್ತಿತ್ತು, ಬೇರೆ ಊರುಗಳಲ್ಲಿ ನೌಕರರ ಹೆಂಡ್ತಿ ಮಕ್ಕಳು ತಾಲೂಕು ಆಫೀಸ್ ಮುಂದೆ ತಟ್ಟೆ ಬಡೀತಿದ್ರು. ಬಸ್ ಸ್ಟ್ಯಾಂಡಲ್ಲಿ ಪ್ರೈವೇಟ್ ಬಸ್ ತಂದು ನಿಲ್ಲಿಸಿದ್ರು. ಟ್ರೈನಿಂಗಲ್ಲಿದ್ದೋರನ್ನ ತೆಗೆದು ಹಾಕಿದ್ರು, ಸಿಕ್ಕಸಿಕ್ಕಲ್ಲಿಗೆ ವರ್ಗಾವಣೆ. ಐದನೇ ದಿನ ಬೆಳಗ್ಗೆ ಎದ್ದು ನೋಡಿದ್ರೆ ನಮ್ಮನೆ ಬಾಗ್ಲಿಗೆ ನೋಟಿಸ್ ಅಂಟಿಸಿ ಹೋಗಿದ್ರು, ಡ್ಯೂಟಿಗೆ ಬರದಿದ್ರೆ ವಜಾ ಅಂತ. ಬಾಡಿಗೆ ಮನೆ, ಓನರ್ ಆಂಟಿ ಓದಿದ್ರು, ಪಕ್ಕದ ಮನೆಯೋರು ಓದಿದ್ರು. ಅಮ್ಮ "ಗ್ರ್ಯಾಚುಟಿ ಹೋದ್ರೆ ಸಣ್ಣೋಳ ಮದುವೆ ಹೆಂಗ್ರೀ" ಅಂತ ಒಂದೇ ಸಮ ಅತ್ತರು. ಅಪ್ಪ ಏನೂ ಮಾತಾಡದೆ ಯೂನಿಫಾರಂ ಹಾಕ್ಕೊಂಡು ಹೋದ್ರು. ಪೊಲೀಸ್ ಜೀಪ್ ಹಿಂದೆ ಮುಂದೆ ಇಟ್ಕೊಂಡು ಖಾಲಿ ಬಸ್ ಹೋಗಿ ಖಾಲಿ ಬಸ್ ಬಂತಂತೆ. ಇಪ್ಪತ್ತು ವರ್ಷ ಒಟ್ಟಿಗೆ ಊಟ ಮಾಡಿದೋರು ಅವತ್ತು ಮುಖ ತಿರುಗಿಸ್ಕೊಂಡ್ರು ಅಂತ ಅಪ್ಪ ನನ್ನ ಹತ್ರ ಹೇಳಿದ್ದು ಒಂದು ವರ್ಷ ಆದ್ಮೇಲೆ. ಮೇ 31ಕ್ಕೆ ಲಾಕ್‌ಡೌನ್, ಹಾರ ಇಲ್ಲ, ಶಾಲು ಇಲ್ಲ, ಮಷೀನು ಬ್ಯಾಗು ಒಪ್ಪಿಸಿ ಸೈನ್ ಹಾಕಿ ನಡ್ಕೊಂಡು ಮನೆಗೆ ಬಂದ್ರು.

ಜನರಿಗೆ ತೊಂದರೆ ಆಗಲ್ಲ ಅಂತ ನಾನು ಹೇಳ್ತಿಲ್ಲ. ಆಗುತ್ತೆ, ಬಡವರಿಗೇ ಆಗೋದು ಜಾಸ್ತಿ. ಆಗಸ್ಟ್ 5ಕ್ಕೆ ಬೆಂಗಳೂರಲ್ಲಿ ಬಿಎಂಟಿಸಿ ಸಿಟಿ ಬಸ್ಸು ಬಹುಪಾಲು ಓಡ್ತು, ಕಷ್ಟ ಆಗಿದ್ದು ಊರುಗಳ ಕಡೆ. ನಮ್ಮನೆ ಕೆಲಸಕ್ಕೆ ಬರೋ ಅಕ್ಕನ ಮಗಳು ಊರಲ್ಲಿ ಡಯಾಲಿಸಿಸ್‌ಗೆ ಹೋಗೋಳು, ಅವತ್ತು ಆಟೋಗೆ 600 ಕೊಟ್ಟು ಹೋದಳಂತೆ. ಆ ಅಕ್ಕನ ಮುಂದೆ ಮುಷ್ಕರ ಸರಿ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಆದ್ರೆ ಮುಷ್ಕರಕ್ಕೆ ಮುಂಚೆ ಎಷ್ಟು ಮನವಿ, ಎಷ್ಟು ಮೀಟಿಂಗು, ಎಷ್ಟು ಧರಣಿ ಆಯ್ತು ಅಂತ ಯಾರೂ ಲೆಕ್ಕ ಇಡಲ್ಲ. 2024ರ ಡಿಸೆಂಬರ್ 31ಕ್ಕೇ ಕರೆ ಕೊಟ್ಟಿದ್ರು, ಮಾತುಕತೆ ಮಾಡ್ತೀವಿ ಅಂದಿದ್ದಕ್ಕೆ ಮುಂದಕ್ಕೆ ಹಾಕಿದ್ರು. ಏಳು ತಿಂಗಳು ಕಾದ್ರು. ಆಗಸ್ಟ್ ನಾಲ್ಕನೇ ತಾರೀಕು ಸಿಎಂ ಜೊತೆ ಮೀಟಿಂಗ್ ಮುರಿದು ಬಿತ್ತು, ಹೈಕೋರ್ಟ್ ಒಂದು ದಿನ ಮುಂದೂಡಿ ಅಂತು, ಐದಕ್ಕೆ ಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ ಸಂಜೆ ಒಳಗೆ ನಿಲ್ಲಿಸಿದ್ರು. ಯೂನಿಯನ್‌ಗಳ ಮೇಲೂ ನನಗೆ ಸಿಟ್ಟಿದೆ, ಹಲವು ಯೂನಿಯನ್ ಸೇರಿರೋ ಜಂಟಿ ಕ್ರಿಯಾ ಸಮಿತಿ ಒಂದು ಕಡೆ, ಸಾರಿಗೆ ನೌಕರರ ಕೂಟದೋರು ಇನ್ನೊಂದು ಕಡೆ, ಒಬ್ಬರು ಹಿಂಬಾಕಿ ಅಂದ್ರೆ ಇನ್ನೊಬ್ಬರು ಸರ್ಕಾರಿ ನೌಕರರ ಥರ ವೇತನ ಆಯೋಗದ ಸಂಬಳ ಅಂತಾರೆ, ಇವರು ಕರೆ ಕೊಟ್ರೆ ಅವರು ಬರಲ್ಲ. ಎದುರುಗಡೆ ಕೂತೋರಿಗೆ ಇದಕ್ಕಿಂತ ಇನ್ನೇನು ಬೇಕು.

ಐದನೇ ತಾರೀಕು ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಏನಾಯ್ತೋ ಅಂದೆ. "ಏನೂ ಆಗ್ಲಿಲ್ಲಕ್ಕ, ಕೋರ್ಟಲ್ಲಿದೆ" ಅಂದ. ಹಿಂದೆ ಬಸ್ಸಿನ ಸದ್ದು, ಯಾರೋ ಪ್ಲಾಟ್‌ಫಾರಂ ನಂಬರ್ ಕೇಳ್ತಿದ್ರು. "ರಾತ್ರಿ ಹತ್ತೂಕಾಲಿನ ಗಾಡಿ ನಂದೇ, ಇಡ್ತೀನಿ" ಅಂದ. ಬೆಳಗ್ಗೆ ಕೇಳಿದಾಗ ಗೊತ್ತಾಯ್ತು, ಬಸ್ಸಲ್ಲಿ ಹನ್ನೊಂದೇ ಜನ ಇದ್ರಂತೆ, ಹತ್ತೂಕಾಲಿಗೆ ಸರಿಯಾಗಿ ಬಿಟ್ಟನಂತೆ.