ಸೀಲೋಮ್ ಇಲ್ಲ ಅಂದರೆ ಹೊಟ್ಟೆಯೇ ಇಲ್ಲ ಅಂತಲ್ಲ

ಚಪ್ಪಟೆಹುಳುಗಳ ಬಗ್ಗೆ ನೀವು ಇಷ್ಟು ವಿವರವಾಗಿ ಬರೆದ ಲೇಖನ ಓದಿ ಖುಷಿಯಾಯಿತು. ಆದರೆ ‘ಏಸೀಲೋಮೇಟ್ ಅಂದರೆ ಒಳಗೆ ಪೊಳ್ಳೇ ಇಲ್ಲದ ಪ್ರಾಣಿ’ ಎಂಬ ಸಾಲನ್ನು ತಿದ್ದಬೇಕು. ಏಸೀಲೋಮೇಟ್ ಅಂದರೆ ಸೀಲೋಮ್ ಇಲ್ಲದ ಪ್ರಾಣಿ, ಅಷ್ಟೇ. ಸೀಲೋಮ್ ಅಂದರೆ ಕರುಳಿನ ಪೊಳ್ಳಲ್ಲ. ಕರುಳಿಗೂ ಮೈಗೋಡೆಗೂ ನಡುವೆ, ಸುತ್ತಲೂ ಮಧ್ಯಪದರದ (ಭ್ರೂಣದ ಮೂರು ಪದರಗಳಲ್ಲಿ ನಡುವಿನದರ) ಹೊದಿಕೆಯಿದ್ದು, ದ್ರವ ತುಂಬಿರುವ ಜಾಗ. ಎರೆಹುಳುವಿನಲ್ಲಿ, ನಮ್ಮಲ್ಲಿ ಅದಿದೆ. ಚಪ್ಪಟೆಹುಳುವಿನಲ್ಲಿ ಆ ಜಾಗವನ್ನೆಲ್ಲ ಪ್ಯಾರೆಂಕೈಮಾ ಎಂಬ ಸಡಿಲ ಅಂಗಾಂಶ ತುಂಬಿಕೊಂಡಿರುತ್ತದೆ. ಕರುಳು ಇದ್ದೇ ಇದೆ.

ಗಾಜಿನ ಬಟ್ಟಲಲ್ಲಿ ಪ್ಲನೇರಿಯಾ ಎಂಬ ಚಪ್ಪಟೆಹುಳು ಬಿಟ್ಟು, ಲಿವರ್‌ನ ಚಿಕ್ಕ ಚೂರು ಹಾಕಿ, ಲೆನ್ಸ್ ಹಿಡಿದು ಕೂತು ನೋಡಿದ್ದೇನೆ. ಅದು ಚೂರಿನ ಮೇಲೆ ಹತ್ತಿ, ತಲೆಯಿಂದಲ್ಲ, ಹೊಟ್ಟೆಯ ನಡುವಿನಿಂದ ಒಂದು ಬಿಳಿ ಕೊಳವೆ ಹೊರಚಾಚಿ ಹೀರತೊಡಗುತ್ತದೆ! ಒಳಗೆ ಕರುಳು ಕವಲೊಡೆದು ಮೈತುಂಬ ಹರಡಿರುತ್ತದೆ. ರಕ್ತನಾಳಗಳಿಲ್ಲದ ಪ್ರಾಣಿಗೆ ಆಹಾರ ಹಂಚಲು ಅದೇ ದಾರಿ. ಗುದದ್ವಾರವಿಲ್ಲ, ಜೀರ್ಣವಾಗದೆ ಉಳಿದದ್ದು ಬಾಯಿಂದಲೇ ಹೊರಗೆ. ಆಮ್ಲಜನಕ ಚರ್ಮದ ಮೂಲಕವೇ ಒಳಗಿನ ಜೀವಕೋಶಗಳಿಗೆ ಇಳಿಯಬೇಕು, ಹಾಗಾಗಿ ಮೈ ತೆಳ್ಳಗೇ ಇರಬೇಕು. ಮೀಟರ್‌ಗಟ್ಟಲೆ ಬೆಳೆಯುವ ಲಾಡಿಹುಳು, ಅದೂ ಚಪ್ಪಟೆಹುಳುವೇ, ಕೂಡ ದಪ್ಪವಾಗುವುದಿಲ್ಲ. (ಅದಕ್ಕೆ ಕರುಳಿಲ್ಲ, ನಿಜ. ಅದು ಪರಾವಲಂಬಿ ಬದುಕಿನಿಂದ ಬಂದದ್ದು, ಸೀಲೋಮ್ ಇಲ್ಲದ್ದರಿಂದಲ್ಲ.)

ಇನ್ನೊಂದು, ಜಂತುಹುಳುವನ್ನೂ ಇದೇ ಏಸೀಲೋಮೇಟ್ ಗುಂಪಿಗೆ ಸೇರಿಸಿದ್ದೀರಿ. ಅದರದ್ದು ಸ್ಯೂಡೋಸೀಲೋಮ್, ಅಂದರೆ ಹುಸಿ ಸೀಲೋಮ್: ಜಾಗ ಇದೆ, ಅದರ ಸುತ್ತ ಮಧ್ಯಪದರದ ಹೊದಿಕೆ ಪೂರ್ತಿಯಾಗಿಲ್ಲ. ದಯವಿಟ್ಟು ಅದನ್ನು ಬೇರೆ ಮಾಡಿ ಹಾಕಿ. ಪರೀಕ್ಷೆಗೆ ಓದುವ ಮಕ್ಕಳು ಹೀಗೇ ಬರೆದುಕೊಂಡು ಹೋಗುತ್ತಾರೆ.