ಮುಳುಗುವ ಹುಡುಗಿಯ ಹಿಂದಿನ ದೋಣಿ

ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿರುವ ಆ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ನೀಲಿ ಅಲೆಗಳ ನಡುವೆ ಒಂದು ಹೆಣ್ಣಿನ ಮುಖ, ಕೆನ್ನೆಯ ಮೇಲೆ ಕಣ್ಣೀರು, ಪಕ್ಕದಲ್ಲಿ ಅವಳ ಮನಸ್ಸಿನ ಮಾತು ಬರೆದ ಒಂದು ಗುಳ್ಳೆ. ಮುಳುಗಿದರೂ ಸರಿ, ಬ್ರ್ಯಾಡ್‌ನನ್ನು ಮಾತ್ರ ಸಹಾಯಕ್ಕೆ ಕರೆಯುವುದಿಲ್ಲ ಎನ್ನುತ್ತಾಳೆ. ಅಮೆರಿಕದ ಪಾಪ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಒಂದು ಪ್ರೇಮ ಕಾಮಿಕ್ಸಿನಿಂದ ಎತ್ತಿಕೊಂಡು 1963ರಲ್ಲಿ ಮಾಡಿದ ಕೃತಿ ಅದು. ಅಮೆರಿಕದ ಹಳೆಯ ಪ್ರೇಮ ಕಾಮಿಕ್ಸ್ ಎಂದರೆ ಅಳುವ ಹೆಣ್ಣು ಅಷ್ಟೇ ಎಂಬ ನಂಬಿಕೆ ಬೇರೂರಿದ್ದರಲ್ಲಿ ಇಂಥ ಚಿತ್ರಗಳ ಪಾಲು ದೊಡ್ಡದು.

ಅದಕ್ಕೆ ಮೂಲವಾದ ಕಾಮಿಕ್ಸ್ ಚೌಕ ಇರುವುದು ‘ಸೀಕ್ರೆಟ್ ಹಾರ್ಟ್ಸ್’ ಪತ್ರಿಕೆಯ 83ನೇ ಸಂಚಿಕೆಯಲ್ಲಿ, 1962ರ ನವೆಂಬರ್. ಚಿತ್ರ ಟೋನಿ ಅಬ್ರುಝೋ ಅವರದು. ಅಲ್ಲಿ ಹುಡುಗಿಯ ಹಿಂದೆ ಒಂದು ದೋಣಿ ಮಗುಚಿಬಿದ್ದಿದೆ, ಅದನ್ನು ಹಿಡಿದುಕೊಂಡು ಅವಳ ಗೆಳೆಯ ತೇಲುತ್ತಿದ್ದಾನೆ. ಅಲ್ಲಿ ಅವನ ಹೆಸರು ಬ್ರ್ಯಾಡ್ ಅಲ್ಲ, ಮ್ಯಾಲ್. ಅವಳಿಗೆ ಸ್ನಾಯು ಸೆಳೆತ ಬಂದಿದೆ, ಆದರೂ ಅವನನ್ನು ಕರೆಯಲಾರೆ ಎನ್ನುತ್ತಾಳೆ. ಲಿಕ್ಟನ್‌ಸ್ಟೈನ್ ದೋಣಿ ತೆಗೆದರು, ಗಂಡನ್ನು ತೆಗೆದರು, ಸ್ನಾಯು ಸೆಳೆತದ ಮಾತನ್ನೂ ತೆಗೆದರು. ಕಾರಣವಿದ್ದ ಹಟ ಕಾರಣವಿಲ್ಲದ ಗೋಳಾಯಿತು. ಕಲೆಯಾಗಿ ಅದು ಏನೇ ಇರಲಿ, ಆ ಹುಡುಗಿಗೆ ಅನ್ಯಾಯವಾಯಿತು ಎಂದೇ ನನ್ನ ಅನಿಸಿಕೆ.

ಹಾಗೆಂದು ಈ ಪತ್ರಿಕೆಗಳೆಲ್ಲ ಹೆಣ್ಣಿನ ಪರ ನಿಂತಿದ್ದವು ಎನ್ನಲಾಗದು. ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಇಬ್ಬರು ಕಾಮಿಕ್ಸ್ ಕಲಾವಿದರು ಸೇರಿ ‘ಯಂಗ್ ರೊಮ್ಯಾನ್ಸ್’ ಶುರು ಮಾಡಿದ್ದು 1947ರಲ್ಲಿ. ಯುದ್ಧಕಾಲದಲ್ಲಿ ಕಾರ್ಖಾನೆಗೆ ಹೋಗಿದ್ದ ಹೆಂಗಸರನ್ನು ಮನೆಗೆ ವಾಪಸು ಕಳಿಸುತ್ತಿದ್ದ ಹೊತ್ತು ಅದು. ಮುಂಗಡ ಸಂಭಾವನೆ ಬೇಡ, ಲಾಭದಲ್ಲಿ ಅರ್ಧ ಪಾಲು ಕೊಡಿ ಎಂದು ಇಬ್ಬರೂ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡರು. ಪತ್ರಿಕೆ ಬಿಸಿಬಿಸಿಯಾಗಿ ಖರ್ಚಾಯಿತು. 1950ರ ಹೊತ್ತಿಗೆ ಅಂಗಡಿಗಳಲ್ಲಿ ನೂರಕ್ಕೂ ಹೆಚ್ಚು ಪ್ರೇಮ ಪತ್ರಿಕೆಗಳಿದ್ದವು, ಒಂದಕ್ಕೆ ಹತ್ತು ಸೆಂಟ್. ಕತೆ ಹೇಳುವವಳು ಯಾವಾಗಲೂ ‘ನಾನು’: ನಾನು ಹೀಗೆ ಮಾಡಿದೆ, ಹೀಗೆ ಮೋಸಹೋದೆ. ಆ ‘ನಾನು’ ಬರೆದವರು ಹೆಚ್ಚಿನಂಶ ಗಂಡಸರು. ಲಿಲಿ ರೆನೆ, ರೂತ್ ಆಟ್ಕಿನ್‌ಸನ್‌ರಂಥ ಹೆಣ್ಣುಮಕ್ಕಳು ಕಾಮಿಕ್ಸಿಗೆ ಚಿತ್ರ ಬರೆದದ್ದುಂಟು, ಆದರೆ ಯಾವ ಕತೆ ಹೇಗೆ ಮುಗಿಯಬೇಕು ಎಂಬ ಮಾತು ಸಾಮಾನ್ಯವಾಗಿ ಗಂಡಸರ ಕೈಯಲ್ಲಿತ್ತು.

ಇವನ್ನು ಓದುವುದಕ್ಕೂ ಒಂದು ಕ್ರಮವಿದೆ. ಬಹಳ ಜನ ಎಡವುವುದು ಕೊನೆಯ ಚೌಕ ನೋಡಿ ತೀರ್ಪು ಕೊಡುವುದರಲ್ಲಿ. ಕೊನೆಯ ಚೌಕದಲ್ಲಿ ಸಾಮಾನ್ಯವಾಗಿ ಅಪ್ಪುಗೆಯೋ ಮುತ್ತೋ ಇದ್ದೇ ಇರುತ್ತದೆ, ಅದರಿಂದ ಏನೂ ತಿಳಿಯದು. ಏಳೆಂಟು ಪುಟದ ಕತೆ, ಪುಟಕ್ಕೆ ಆರೇಳು ಚೌಕ. ಅದರಲ್ಲಿ ಹುಡುಗಿಯ ಕೆಲಸದ ಮಾತು ಕಡೆಯ ಸಲ ಬರುವ ಚೌಕ ಯಾವುದು ಎಂದು ಗುರುತು ಹಾಕಿಕೊಳ್ಳಿ. ಅವಳು ನರ್ಸೋ ಟೈಪಿಸ್ಟೋ ಗಗನಸಖಿಯೋ ಆಗಿರುತ್ತಾಳೆ. ಗಂಡು ಕಾಣಿಸಿಕೊಂಡ ಎರಡನೆಯ ಪುಟಕ್ಕೇ ಕೆಲಸ ಮರೆಯಾದರೆ, ಆ ಕೆಲಸ ಅವನನ್ನು ಭೇಟಿಯಾಗುವ ನೆಪ ಮಾತ್ರ. ಇನ್ನೊಂದು, ಮೋಡದಾಕಾರದ ಯೋಚನೆಯ ಗುಳ್ಳೆ ಮತ್ತು ಮಾತಿನ ಗುಳ್ಳೆಯನ್ನು ಬೇರೆಬೇರೆ ಎಣಿಸಿ. ಅವಳ ಸಿಟ್ಟೆಲ್ಲ ಯೋಚನೆಯ ಗುಳ್ಳೆಯಲ್ಲೇ ಉಳಿದು, ಬಾಯಿಂದ ಬರುವುದೆಲ್ಲ ಕ್ಷಮೆಯಾದರೆ, ಅವಳ ಬಾಯಿ ಕಟ್ಟಿದ ಕತೆ ಅದು. ಮುಖಪುಟವನ್ನಂತೂ ನಂಬಲೇಬೇಡಿ. ಹೊರಗೆ ಹಗರಣ ಕೂಗಿ ಒಳಗೆ ಬುದ್ಧಿವಾದ ಹೇಳುವುದೇ ಆ ವ್ಯಾಪಾರದ ಪದ್ಧತಿಯಾಗಿತ್ತು.

ಆಮೇಲೆ ವರ್ಷ ನೋಡಬೇಕು. 1954ರ ಅಕ್ಟೋಬರ್‌ನಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಎಂಬ ಕಟ್ಟಳೆ ತಂದರು. ಪ್ರೇಮಕತೆ ಮನೆಯ ಬೆಲೆಯನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕು; ವಿಚ್ಛೇದನ ನಗೆಯ ವಿಷಯವಾಗಬಾರದು, ಬಯಸುವಂಥದ್ದಾಗಿಯೂ ಕಾಣಬಾರದು; ತಂದೆತಾಯಿಯ ಮೇಲೆ ಗೌರವ ಬೆಳೆಸಬೇಕು. ಒಪ್ಪಿಗೆ ಪಡೆದ ಸಂಚಿಕೆಯ ಮುಖಪುಟದ ಮೇಲೆ ಅಂಚೆ ಚೀಟಿಯಂಥ ಮುದ್ರೆ ಇರುತ್ತದೆ. ಅದಕ್ಕೆ ಮೊದಲಿನ ಕತೆಗಳಲ್ಲಿ ಹುಡುಗಿ ತಪ್ಪು ಮಾಡುತ್ತಿದ್ದಳು, ಮನೆ ಬಿಟ್ಟು ಓಡುತ್ತಿದ್ದಳು, ಕೆಟ್ಟ ಗಂಡನ ಕೈಗೆ ಸಿಕ್ಕಿ ಒದ್ದಾಡುತ್ತಿದ್ದಳು. ಮುದ್ರೆ ಬಂದ ಮೇಲೆ ಕತೆಯ ನಡುಭಾಗವೇ ಸೊರಗಿತು. ಉಳಿದದ್ದು ಇವನೋ ಅವನೋ ಎಂಬ ತೊಳಲಾಟ. ಕೆಟ್ಟ ಮದುವೆ ಎಂಬುದೊಂದು ಇದೆ ಎಂದು ಕೂಡ ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. ಹೆಣ್ಣುಮಕ್ಕಳನ್ನು ಕಾಪಾಡುವ ಹೆಸರಿನಲ್ಲಿ ಅವರಿಗೆ ನಿಜಕ್ಕೂ ಬೇಕಿದ್ದ ಎಚ್ಚರಿಕೆಯನ್ನೇ ಕಿತ್ತುಕೊಂಡರು.

ಈ ಮಾತಿಗೆ ಸಾಕ್ಷಿ ಬೇಕಿದ್ದರೆ ಕೋಡ್‌ಗೆ ಮುಂಚೆ ಸೇಂಟ್ ಜಾನ್ ಪ್ರಕಾಶನ ತಂದ ಪತ್ರಿಕೆಗಳನ್ನು ನೋಡಬೇಕು. ಡೇನಾ ಡಚ್ ಕತೆ, ಮ್ಯಾಟ್ ಬೇಕರ್ ಚಿತ್ರ. ಬೇಕರ್ ಆ ಕಾಲದಲ್ಲಿ ಕಾಮಿಕ್ಸ್‌ನಲ್ಲಿ ದುಡಿದ ಬೆರಳೆಣಿಕೆಯ ಕಪ್ಪು ಕಲಾವಿದರಲ್ಲೊಬ್ಬರು. ಇವರ ಹುಡುಗಿಯರು ಸುಳ್ಳು ಹೇಳಿ ತಿರುಗಾಡಲು ಹೋಗುತ್ತಾರೆ, ಪೇಚಿಗೆ ಸಿಗುತ್ತಾರೆ, ತಾವೇ ಯೋಚಿಸಿ ಹೊರಬರುತ್ತಾರೆ. ಮಾಡಿದ ತಪ್ಪಿಗೆ ಬಾಳೇ ಹಾಳಾಗುವುದಿಲ್ಲ. ಬೇಕರ್ ಬರೆದ ಹೆಣ್ಣು ನೆಟ್ಟಗೆ ನಿಂತು ಎದುರಿದ್ದವನ ಕಣ್ಣು ನೋಡುತ್ತಾಳೆ.

ಅದೇ ಕಾಲದ ನಮ್ಮ ಕಡೆಯದನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕನ್ನಡದ ಹೆಣ್ಣುಮಕ್ಕಳು ವಾರಪತ್ರಿಕೆಯ ಧಾರಾವಾಹಿಯಲ್ಲಿ, ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಯಲ್ಲಿ ಓದುತ್ತಿದ್ದುದೂ ಪ್ರೇಮ, ಮದುವೆ, ಮನಸ್ತಾಪವೇ. ಆದರೆ ಅದನ್ನು ಬರೆಯುತ್ತಿದ್ದವರಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಇದ್ದರು, ವೈದ್ಯೆಯಾಗಿದ್ದ ಅನುಪಮಾ ನಿರಂಜನ ಇದ್ದರು, ನಲವತ್ತು ದಾಟಿದ ಮೇಲೆ ಬರೆಯಲು ಕೂತ ಎಂ.ಕೆ. ಇಂದಿರಾ ಇದ್ದರು. ತ್ರಿವೇಣಿಯವರ ಕತೆಯನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ‘ಬೆಳ್ಳಿ ಮೋಡ’ವಾಗಿ ತೆರೆಗೆ ತಂದರು. ಆಸ್ತಿ ಕೈತಪ್ಪಿತೆಂದು ಬಿಟ್ಟುಹೋಗಿದ್ದ ಗಂಡು ಮತ್ತೆ ಒಪ್ಪಿ ಬಂದಾಗ ಕತೆಯ ನಾಯಕಿ ಇಂದಿರಾ ಬೇಡ ಎನ್ನುತ್ತಾಳೆ. ಆ ಒಂದು ‘ಬೇಡ’ ಕೋಡ್‌ನ ಮುದ್ರೆ ಹೊತ್ತ ಕಾಮಿಕ್ಸಿನಲ್ಲಿ ಅಪರೂಪ. ಅಲ್ಲಿ ಪಶ್ಚಾತ್ತಾಪಪಟ್ಟು ಬಂದ ಗಂಡಿಗೆ ಹೆಣ್ಣು ಸಿಕ್ಕೇಸಿಗುತ್ತಿದ್ದಳು.

ನಮ್ಮದೇ ಮೇಲು ಎಂದು ಬೀಗುವಂತಿಲ್ಲ. ‘ಶರಪಂಜರ’ ಕಾದಂಬರಿಯ ಕಾವೇರಿಗೆ ಮನೋರೋಗ ಗುಣವಾದರೂ ಮನೆಯವರೂ ನೆರೆಯವರೂ ಅವಳನ್ನು ನೆಮ್ಮದಿಯಾಗಿ ಇರಗೊಡಲಿಲ್ಲ. ಆದರೆ ಅದನ್ನು ಬರೆದ ತ್ರಿವೇಣಿ ತಪ್ಪನ್ನು ಅವಳ ತಲೆಗೆ ಕಟ್ಟಲಿಲ್ಲ. ಕಾಮಿಕ್ಸಿನ ಹುಡುಗಿ, ಕಾವೇರಿ ಇಬ್ಬರದೂ ಅಳುವೇ, ಆದರೆ ಯಾರ ದೆಸೆಯಿಂದ ಎಂಬುದನ್ನು ಕನ್ನಡದ ಕತೆ ಹೆಸರಿಟ್ಟು ಹೇಳಿತು.

ಓದಬೇಕೆನ್ನುವವರು ದುಡ್ಡು ಸುರಿದು ಹಳೆಯ ಸಂಚಿಕೆ ಕೊಳ್ಳಬೇಕಾಗಿಲ್ಲ. ಹಕ್ಕು ನವೀಕರಿಸದೆ ಬಿಟ್ಟ ಎಷ್ಟೋ ಪತ್ರಿಕೆಗಳು ಡಿಜಿಟಲ್ ಕಾಮಿಕ್ ಮ್ಯೂಸಿಯಂ ತಾಣದಲ್ಲಿ ಪುಟಪುಟವಾಗಿ ಬಿಟ್ಟಿ ಸಿಗುತ್ತವೆ. ಸೇಂಟ್ ಜಾನ್ ಪತ್ರಿಕೆಗಳಿಂದಲೇ ಶುರುಮಾಡಿ. ಅರವತ್ತರ ದಶಕದ ಕೊನೆ, ಎಪ್ಪತ್ತರ ದಶಕದ ಡಿಸಿ ಪ್ರಕಾಶನದ ಸಂಚಿಕೆ ಕೈಗೆ ಬಂದರೆ ಮಾತ್ರ ತಾರೀಖನ್ನು ನಂಬಬೇಡಿ. ಹಳೆಯ ಕತೆಗಳಿಗೇ ಹೊಸ ಕೇಶವಿನ್ಯಾಸ, ಹೊಸ ಬಟ್ಟೆ ಬರೆದು ಮತ್ತೆ ಅಚ್ಚುಹಾಕಿದ್ದುಂಟು. ಕೂದಲಿನ ಗೆರೆ ಒಂದು ಕೈಯದು, ಮುಖದ ಗೆರೆ ಇನ್ನೊಂದು ಕೈಯದು ಎನ್ನಿಸಿದರೆ ಅದೇ ಗುರುತು. ಮಿನಿ ಸ್ಕರ್ಟ್ ತೊಟ್ಟ ಆ ಹುಡುಗಿ ಆಡುವುದು ಹತ್ತು ಹದಿನೈದು ವರ್ಷ ಹಿಂದಿನ ಹುಡುಗಿಯ ಮಾತು.