ತಿದ್ದಿದ ಚಿತ್ರದ ಮೇಲೆ ಸೂಚನೆ ಬೇಕೇ?

ಫ್ಯಾಷನ್ ಜಾಹೀರಾತಿನಲ್ಲಿ ರೂಪದರ್ಶಿಯ ಮೈಮಾಟವನ್ನೋ ಬಣ್ಣವನ್ನೋ ತಿದ್ದಿದ್ದರೆ, ಹಾಗೆಂದು ಚಿತ್ರದ ಮೇಲೆಯೇ ಬರೆಯುವುದು ಕಡ್ಡಾಯವಾಗಬೇಕೇ?

ಪರ: ನೋಡುವವರಿಗೆ ತಿಳಿಸಲೇಬೇಕು

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ಬಟ್ಟೆ ಅಂಗಡಿಗಳ ಫ್ಲೆಕ್ಸ್‌ಗಳನ್ನು ನೋಡುತ್ತ ನಡೆಯಿರಿ. ಸೀರೆ ಉಟ್ಟ ರೂಪದರ್ಶಿಯ ಕುತ್ತಿಗೆಯಲ್ಲಿ ಒಂದು ಗೆರೆಯಿಲ್ಲ, ಮೊಣಕೈ ಕಪ್ಪಾಗಿಲ್ಲ, ಸೊಂಟದ ಬಳಿ ಮಡಿಕೆಯಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅದರ ಕೆಳಗೆ ಬಸ್ಸಿಗೆ ಕಾಯುವ ಕಾಲೇಜು ಹುಡುಗಿಗೆ, ಅಂಥ ಚರ್ಮ ಆ ರೂಪದರ್ಶಿಗೂ ಇಲ್ಲ, ಅದು ಕಂಪ್ಯೂಟರಿನಲ್ಲಿ ತಯಾರಾದದ್ದು ಎಂದು ಯಾರು ಹೇಳುತ್ತಾರೆ? ಹೇಳದೇ ಇರುವುದರಿಂದಲೇ ಆಕೆ ಮನೆಗೆ ಹೋಗಿ ಕನ್ನಡಿಯೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ.

ಫ್ರಾನ್ಸ್ 2017ರ ಅಕ್ಟೋಬರ್ 1ರಿಂದ ಇದನ್ನು ಕಡ್ಡಾಯ ಮಾಡಿದೆ. ಜಾಹೀರಾತಿನಲ್ಲಿ ರೂಪದರ್ಶಿಯ ದೇಹವನ್ನು ತೆಳ್ಳಗೋ ದಪ್ಪಗೋ ಮಾಡಿದ್ದರೆ 'ತಿದ್ದಿದ ಛಾಯಾಚಿತ್ರ' ಎಂದು ನಮೂದಿಸಬೇಕು. ತಪ್ಪಿದರೆ 37,500 ಯೂರೊ ದಂಡ. ಇಸ್ರೇಲ್ 2012ರಲ್ಲಿಯೇ ಇಂಥ ಕಾನೂನು ತಂದಿತ್ತು. ನಮ್ಮಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ, ಕಪ್ಪು ಬಣ್ಣದವರನ್ನು ಸೋತವರಂತೆ, ದುಃಖಿಗಳಂತೆ ತೋರಿಸಬಾರದು ಎಂದಿತು. 2020ರಲ್ಲಿ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ 'ಫೇರ್' ಎಂಬುದನ್ನು ಕಿತ್ತುಹಾಕಿತು. ಆದರೂ ಫ್ಲೆಕ್ಸಿನ ಮುಖಗಳು ಬೆಳ್ಳಗಾಗುವುದು ನಿಂತಿಲ್ಲ. ಒಳ್ಳೆಯ ಮಾತಿನಿಂದ ಆಗದ್ದನ್ನು ಕಾನೂನಿನಿಂದಲೇ ಮಾಡಿಸಬೇಕು.

ವಿರೋಧ: ಸೂಚನೆ ಬರೆದು ಕೈತೊಳೆದುಕೊಳ್ಳುತ್ತಾರೆ

ಫ್ರಾನ್ಸಿನ ಕಾನೂನನ್ನು ಪೂರ್ತಿ ಓದಬೇಕು. ಅದು ಹಿಡಿಯುವುದು ದೇಹದ ಗಾತ್ರ ಬದಲಿಸಿದ್ದನ್ನು ಮಾತ್ರ. ಕೂದಲಿನ ಬಣ್ಣ ಬದಲಿಸಿದರೆ, ಚರ್ಮದ ಕಲೆ ಅಳಿಸಿದರೆ ಸೂಚನೆ ಬೇಕಿಲ್ಲ. ಅದನ್ನೇ ಇಲ್ಲಿಗೆ ತಂದರೆ ಸೊಂಟ ಸಿಕ್ಕಿಬೀಳುತ್ತದೆ, ಬಣ್ಣ ತಪ್ಪಿಸಿಕೊಳ್ಳುತ್ತದೆ. ನಮ್ಮ ಭಾಗದಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಬಣ್ಣವನ್ನು.

ಬಣ್ಣವನ್ನೂ ಸೇರಿಸೋಣ ಎನ್ನಬಹುದು. ಆದರೆ ತಿದ್ದುವ ಕೆಲಸ ಕಂಪ್ಯೂಟರಿಗೆ ಬರುವ ಮೊದಲೇ ಮುಕ್ಕಾಲು ಮುಗಿದಿರುತ್ತದೆ. ಕುಪ್ಪಸ ಬಿಗಿಯಾಗಿ ಕಾಣಲೆಂದು ಬೆನ್ನ ಹಿಂದೆ ಕ್ಲಿಪ್ಪು ಹಾಕುತ್ತಾರೆ. ಕಾಲು ಉದ್ದ ಕಾಣಲೆಂದು ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸುತ್ತಾರೆ. ಮುಖದ ಗುಂಡಿಗಳು ಮಾಯವಾಗಲೆಂದು ದೊಡ್ಡ, ಮೃದುವಾದ ಬೆಳಕನ್ನು ಎದುರಿಗೇ ಇಡುತ್ತಾರೆ. ಇದಾವುದೂ ತಿದ್ದುಪಡಿಯಲ್ಲವಂತೆ! ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣುಮಗಳ ಮುಖ. ಆ ಮುಖ ಚೆನ್ನಾಗಿ ಬಂದರೆ ಬಣ್ಣ ಸರಿಯಾಯಿತೆಂದು ಲೆಕ್ಕ. ಕಪ್ಪು ಮುಖ ಆಗ ಕ್ಯಾಮೆರಾದ ಯೋಚನೆಯಲ್ಲೇ ಇರಲಿಲ್ಲ.

ಇನ್ನು ಸೂಚನೆಯಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆಯೇ? ಹೊರದೇಶಗಳ ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಚಿತ್ರ ತಿದ್ದಿದ್ದು ಎಂದು ಓದಿಕೊಂಡ ಯುವತಿಯರಿಗೂ ತಮ್ಮ ಮೈ ಬಗ್ಗೆ ಇದ್ದ ಅಸಮಾಧಾನ ಕಡಿಮೆಯಾಗಿಲ್ಲ ಎಂಬುದೇ ಹೆಚ್ಚಿನ ಪ್ರಯೋಗಗಳಲ್ಲಿ ಕಂಡದ್ದು. ಕಣ್ಣು ಚಿತ್ರವನ್ನು ಮೊದಲು ನಂಬಿಬಿಡುತ್ತದೆ, ಅಕ್ಷರ ಆಮೇಲೆ ಬರುತ್ತದೆ.

ಹಾಗಾಗಿ ಕೇಳಬೇಕಾದದ್ದು ಯಾರನ್ನು ನಿಲ್ಲಿಸಿ ಚಿತ್ರ ತೆಗೆಯುತ್ತಾರೆ ಎಂಬುದನ್ನು. ಬೀದರ್ ಕೋಟೆಯ ಕೆಂಪು ಗೋಡೆಯ ಮುಂದೆ, ಅಷ್ಟೂರಿನ ಗುಮ್ಮಟಗಳ ಬಳಿ ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಗಳನ್ನು ನೋಡಿ. ಹಿನ್ನೆಲೆ ಬೆಳಗುತ್ತಿದ್ದರೆ ಮುಖ ಕಪ್ಪಗೆ ಬರುತ್ತದೆ. ಛಾಯಾಗ್ರಾಹಕ ಇಡೀ ಚಿತ್ರವನ್ನು ಬೆಳ್ಳಗೆ ಮಾಡಿ ಕೊಡುತ್ತಾನೆ. ಇಳಿಹೊತ್ತಿನ ಬೆಳಕಿನಲ್ಲಿ ಪಕ್ಕದಿಂದ ಒಂದು ರಿಫ್ಲೆಕ್ಟರ್, ಅಂದರೆ ಬೆಳಕನ್ನು ಮುಖದ ಕಡೆಗೆ ತಿರುಗಿಸುವ ಹಲಗೆ, ಹಿಡಿದರೆ ಕಪ್ಪು ಮುಖ ತನ್ನ ಬಣ್ಣದಲ್ಲಿಯೇ ಮಿನುಗುತ್ತದೆ. ಈ ಕೆಲಸ ಬರುವವರು ನಮ್ಮಲ್ಲಿಯೇ ಇದ್ದಾರೆ, ಮಾಡಿಸಿಕೊಳ್ಳುವವರು ಕಡಿಮೆ. ಕಲಬುರಗಿಯ ಅಂಗಡಿ ಮಾಲೀಕರು ಈ ದೀಪಾವಳಿಗೆ ಸಿದ್ಧ ಚಿತ್ರಗಳನ್ನು ಹೊರಗಿನಿಂದ ತರಿಸುವ ಬದಲು ಚಿಂಚೋಳಿಯ, ಶಹಾಪುರದ ಹೆಣ್ಣುಮಕ್ಕಳಿಗೆ ಸರಿಯಾದ ಸಂಭಾವನೆ ಕೊಟ್ಟು, ಇಳಕಲ್ ಸೀರೆ ಉಡಿಸಿ, ಅವರ ಬಣ್ಣವನ್ನು ಮುಟ್ಟದೆ ಫ್ಲೆಕ್ಸ್ ಏರಿಸಲಿ.